ಸಂತೆಗೆ ಹೋದ ಆಕಳು: ದನಗಳ ಕ್ಷಯ ಮತ್ತು ಊರಿನ ಹೊಣೆ

(ಹತ್ತಿಕುಣಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸವೆಂದರೆ ವಚನ, ತತ್ತ್ವಪದ, ಇಲ್ಲವೇ ನಾಡಿನ ಇತಿಹಾಸ ಎಂಬ ರೂಢಿ ನಮ್ಮಲ್ಲಿದೆ. ದನದ ರೋಗದ ಬಗ್ಗೆ ಒಂದು ಸಂಜೆ ಮಾತಾಡಿ ಎಂದು ಸಮಿತಿಯವರು ಕೇಳಿದ್ದು ನನಗೆ ಸಂತೋಷ. ಎತ್ತು, ಆಕಳು, ಎಮ್ಮೆ, ಕುರಿ ನಂಬಿ ಬದುಕುವ ಈ ಸೀಮೆಯಲ್ಲಿ ಇದೂ ಬದುಕಿನ ವಿಚಾರವೇ. ಇವತ್ತಿನ ವಿಷಯ ದನಗಳ ಕ್ಷಯ, ಅದು ಕಾಡುಪ್ರಾಣಿಗಳಿಗೂ ಮನುಷ್ಯರಿಗೂ ದಾಟುವ ಬಗೆ, ಮತ್ತು ಅದನ್ನು ಹಿಡಿತಕ್ಕೆ ತರುವ ದಾರಿ. ನಾನು ಹೇಳಬೇಕಾದ ಮಾತು ಒಂದೇ, ಅದನ್ನು ಮೊದಲಿಗೇ ಹೇಳಿಬಿಡುತ್ತೇನೆ: ಈ ರೋಗವನ್ನು ಪತ್ತೆ ಹಚ್ಚುವ ಖರ್ಚು ಸಣ್ಣದು, ಪತ್ತೆಯಾದ ದನದ ನಷ್ಟ ದೊಡ್ಡದು. ಆ ನಷ್ಟವನ್ನು ಒಬ್ಬ ರೈತನ ತಲೆಯ ಮೇಲೆ ಹಾಕುವವರೆಗೆ ರೋಗ ಊರು ಬಿಡುವುದಿಲ್ಲ.

ಗೆಲುವಿನ ಕತೆಯೊಂದರಿಂದ ಹೊರಡೋಣ. ಇಲ್ಲಿ ಕೂತಿರುವ ಎಪ್ಪತ್ತು ದಾಟಿದವರಿಗೆ ದೊಡ್ಡರೋಗದ ನೆನಪಿರಬಹುದು. ಇಂಗ್ಲಿಷಿನವರು ಅದನ್ನು ರಿಂಡರ್‌ಪೆಸ್ಟ್ ಎಂದರು. ಜ್ವರ, ಬಾಯಿಯಲ್ಲಿ ಹುಣ್ಣು, ತಡೆಯಲಾಗದ ಭೇದಿ. ಒಂದು ವಾರ ಹತ್ತು ದಿನದೊಳಗೆ ಕೊಟ್ಟಿಗೆ ಖಾಲಿ. ಬ್ರಿಟಿಷ್ ಸರ್ಕಾರ 1889ರಲ್ಲಿ ಪುಣೆಯಲ್ಲಿ ಸೂಕ್ಷ್ಮಜೀವಿ ಪ್ರಯೋಗಾಲಯ ತೆರೆದದ್ದಕ್ಕೆ ಮುಖ್ಯ ಕಾರಣ ಈ ರೋಗ. ಮೈಸೂರು ಸಂಸ್ಥಾನ 1925ರಲ್ಲಿ ಸೀರಂ ಸಂಸ್ಥೆ ಕಟ್ಟಿದ್ದೂ ಇದಕ್ಕಾಗಿಯೇ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಆ ಸಂಸ್ಥೆ ಇಂದು ಪಶು ಆರೋಗ್ಯ ಮತ್ತು ಪಶು ಜೈವಿಕ ಸಂಸ್ಥೆ ಎಂಬ ಹೆಸರಿನಲ್ಲಿ ನಮ್ಮ ದನಕುರಿಗಳಿಗೆ ಲಸಿಕೆ ತಯಾರಿಸುತ್ತಿದೆ. 1954ರಲ್ಲಿ ದೇಶವ್ಯಾಪಿ ನಿರ್ಮೂಲನ ಕಾರ್ಯಕ್ರಮ ಶುರುವಾದಾಗ ನಮ್ಮ ಯಾದಗಿರಿ ಇನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. ನಲವತ್ತು ವರ್ಷ ಲಸಿಕೆ ನಡೆಯಿತು. 1995ರಲ್ಲಿ ಭಾರತದ ಕೊನೆಯ ಪ್ರಕರಣ ಕಂಡಿತು. 2006ರಲ್ಲಿ ಭಾರತ, 2011ರಲ್ಲಿ ಇಡೀ ಜಗತ್ತು ಈ ರೋಗದಿಂದ ಮುಕ್ತವೆಂದು ಘೋಷಣೆಯಾಯಿತು. ಸಿಡುಬಿನ ನಂತರ ಮನುಷ್ಯ ಭೂಮಿಯಿಂದ ತೊಡೆದು ಹಾಕಿದ ಎರಡನೆಯ ರೋಗ ಇದು, ಪ್ರಾಣಿಗಳ ರೋಗಗಳಲ್ಲಿ ಮೊದಲನೆಯದು.

ಈ ಕತೆಯಲ್ಲಿ ಕಾಡಿಗೂ ಪಾಲಿದೆ. 1968ರಲ್ಲಿ ದೊಡ್ಡರೋಗ ಬಂಡೀಪುರ, ಮುದುಮಲೈ ಕಾಡುಗಳ ಕಾಟಿಗಳ ಹಿಂಡುಗಳನ್ನು ಬಹುಮಟ್ಟಿಗೆ ಬರಿದು ಮಾಡಿತು. ಕಾಡಿನ ಅಂಚಿನಲ್ಲಿ ಮೇಯುವ ದನ, ಒಂದೇ ಹಳ್ಳದ ನೀರು, ಒಂದೇ ಹುಲ್ಲು. ರೋಗಕ್ಕೆ ಕಾಡು ನಾಡೆಂಬ ಭೇದ ಇರಲಿಲ್ಲ. ಊರಿನ ದನಗಳಲ್ಲಿ ರೋಗ ನಿಂತ ಮೇಲೆ ಕಾಡಿನಲ್ಲೂ ನಿಂತಿತು. ಕಾಟಿಗಳು ಮತ್ತೆ ಹೆಚ್ಚಿದವು. ಕಾಡಿನ ಪ್ರಾಣಿಗೆ ಒಬ್ಬರೂ ಸೂಜಿ ಚುಚ್ಚದೆ ಕಾಡು ಉಳಿಯಿತು ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದು ಕೆಲಸಕ್ಕೆ ಬರುತ್ತದೆ.

ದೊಡ್ಡರೋಗವನ್ನು ಗೆದ್ದ ನಾವು ಕ್ಷಯವನ್ನು ಏಕೆ ಗೆದ್ದಿಲ್ಲ? ದೊಡ್ಡರೋಗ ಬಯಲಲ್ಲಿ ನಿಂತು ಹೊಡೆಯುತ್ತಿತ್ತು. ಬಂದರೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಬದುಕಿದ ದನಕ್ಕೆ ಜೀವನವಿಡೀ ರಕ್ಷಣೆ ಇರುತ್ತಿತ್ತು, ಒಂದು ಲಸಿಕೆ ಅಷ್ಟೇ ಗಟ್ಟಿ ರಕ್ಷಣೆ ಕೊಡುತ್ತಿತ್ತು. ಕ್ಷಯದಲ್ಲಿ ಇದ್ಯಾವುದೂ ಇಲ್ಲ. ಸೋಂಕು ತಗುಲಿದ ಆಕಳು ವರ್ಷಗಟ್ಟಲೆ ಹಾಲು ಕೊಡುತ್ತದೆ, ಕರು ಹಾಕುತ್ತದೆ, ಮೇವು ತಿನ್ನುತ್ತದೆ. ಎದೆಯ ಗ್ರಂಥಿಯಲ್ಲಿ, ಶ್ವಾಸಕೋಶದಲ್ಲಿ ಗಂಟು ಬೆಳೆಯುತ್ತಿರುತ್ತದೆ. ಮೈ ಇಳಿಯುವುದು, ಒಣಕೆಮ್ಮು, ಹಾಲು ಕಡಿಮೆಯಾಗುವುದು ಕಾಣಿಸುವ ಹೊತ್ತಿಗೆ ಅದರ ಉಸಿರು ಪಕ್ಕದ ದನಗಳಿಗೆ ಎಷ್ಟೋ ತಿಂಗಳು ತಾಗಿರುತ್ತದೆ. ನಮ್ಮ ಹಳೆಯ ಮನೆಗಳಲ್ಲಿ ದಂದಕ್ಕಿ, ಅಂದರೆ ದನ ಕಟ್ಟುವ ಜಾಗ, ಪಡಸಾಲೆಗೆ ಅಂಟಿಕೊಂಡೇ ಇರುತ್ತದೆ, ಕಿಟಕಿ ಕಡಿಮೆ. ಬೇಸಿಗೆಗೆ ತಂಪು, ಕಳ್ಳರಿಂದ ಕಾವಲು; ಈ ರೋಗಕ್ಕೂ ಅದು ಒಳ್ಳೆಯ ಆಸರೆ.

ದನದ ಕ್ಷಯಕ್ಕೆ ಮುಖ್ಯ ಕಾರಣವೆಂದು ಪುಸ್ತಕಗಳು ಹೇಳುವ ಬ್ಯಾಕ್ಟೀರಿಯಾದ ಹೆಸರು ಮೈಕೋಬ್ಯಾಕ್ಟೀರಿಯಂ ಬೋವಿಸ್. ಮನುಷ್ಯರ ಕ್ಷಯದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಖ್ 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ಲೋಕಕ್ಕೆ ತೋರಿಸಿದ. ಇವೆರಡೂ ಬೇರೆ ಬೇರೆ ಎಂದು ಅಮೆರಿಕದ ಥಿಯೋಬಾಲ್ಡ್ ಸ್ಮಿತ್ 1898ರಲ್ಲಿ ವಿವರಿಸಿದ. 1901ರಲ್ಲಿ ಲಂಡನ್ ಸಮ್ಮೇಳನದಲ್ಲಿ ಕಾಖ್, ದನದ ಕ್ಷಯದಿಂದ ಮನುಷ್ಯರಿಗೆ ಹೇಳಿಕೊಳ್ಳುವಂಥ ಅಪಾಯವಿಲ್ಲ, ಅದಕ್ಕಾಗಿ ಕ್ರಮ ಬೇಕಿಲ್ಲ ಎಂದುಬಿಟ್ಟ. ಅಷ್ಟು ದೊಡ್ಡವನ ಮಾತನ್ನೂ ಪರೀಕ್ಷೆ ಮಾಡದೆ ಒಪ್ಪಬಾರದೆಂದು ಬ್ರಿಟನ್ ಒಂದು ಆಯೋಗ ನೇಮಿಸಿತು. ಹತ್ತು ವರ್ಷ ಕೆಲಸ ಮಾಡಿದ ಆಯೋಗ 1911ರಲ್ಲಿ ಕಾಖ್‌ನ ಮಾತು ತಪ್ಪೆಂದು ತೋರಿಸಿತು: ಹಸಿ ಹಾಲಿನ ಮೂಲಕ ದನದ ಕ್ಷಯ ಮಕ್ಕಳಿಗೆ ಬರುತ್ತಿತ್ತು. ಕುತ್ತಿಗೆಯಲ್ಲಿ ಗಂಟು ಕಟ್ಟುವ ಗಂಡಮಾಲೆ, ಹೊಟ್ಟೆಯ ಕ್ಷಯ, ಮೂಳೆಯ ಕ್ಷಯಗಳಲ್ಲಿ ಒಂದು ಪಾಲು ಹಾಲಿನ ಲೋಟದಿಂದಲೇ ಬಂದದ್ದಾಗಿತ್ತು.

ಇದೇ ದನದ ಬ್ಯಾಕ್ಟೀರಿಯಾದಿಂದ ಮನುಷ್ಯನಿಗೆ ಒಂದು ಉಪಕಾರವೂ ಆಗಿದೆ. ಫ್ರಾನ್ಸಿನ ಲೀಲ್ ನಗರದಲ್ಲಿ ಕಾಲ್ಮೆಟ್ ಎಂಬ ವೈದ್ಯ ಮತ್ತು ಗೆರಾನ್ ಎಂಬ ಪಶುವೈದ್ಯ ಸೇರಿ ಒಂದು ಆಕಳಿನಿಂದ ಪಡೆದ ಬೋವಿಸ್ ಬ್ಯಾಕ್ಟೀರಿಯಾವನ್ನು 1908ರಿಂದ ಹದಿಮೂರು ವರ್ಷ, 230 ಬಾರಿ ಮರುಬೆಳೆಸಿ, ಅದರ ಕೆಡುಕಿನ ಬಲ ಕುಂದಿಸಿದರು. 1921ರಲ್ಲಿ ಅದನ್ನು ಮೊದಲ ಬಾರಿ ಒಂದು ಶಿಶುವಿಗೆ ಕೊಟ್ಟರು. ಅದೇ ಬಿಸಿಜಿ. ಯಾದಗಿರಿಯ ಹೆರಿಗೆ ವಾರ್ಡಿನಲ್ಲಿ ಹುಟ್ಟಿದ ಕೂಸಿನ ಎಡತೋಳಿನ ಮೇಲೆ ಉಳಿಯುವ ಸಣ್ಣ ಕಲೆಗೆ ಮೂಲ ಒಂದು ಆಕಳು. ದನದ ಡಾಕ್ಟರಿಗೂ ಮನುಷ್ಯರ ಡಾಕ್ಟರಿಗೂ ಈ ರೋಗದಲ್ಲಿ ಬೇರೆ ಬೇರೆ ದಾರಿಯಿಲ್ಲ ಎನ್ನುವುದಕ್ಕೆ ನೂರು ವರ್ಷದ ಹಿಂದಿನ ಆ ಜೋಡಿಯೇ ಸಾಕ್ಷಿ.

ಇನ್ನು ನಮ್ಮ ದೇಶದ ಸ್ಥಿತಿ. ಭಾರತದಲ್ಲಿ ಅಲ್ಲಲ್ಲಿ ನಡೆದ ಸಮೀಕ್ಷೆಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಸರಾಸರಿ ನೂರು ದನಗಳಲ್ಲಿ ಏಳಕ್ಕೆ, ಅಂದರೆ ಶೇ 7.3ರಷ್ಟಕ್ಕೆ ಸೋಂಕು, ಒಟ್ಟು ಸುಮಾರು 2 ಕೋಟಿ 18 ಲಕ್ಷ ದನಗಳು ಎಂಬ ಅಂದಾಜು ಅದರದು. ಅಂದಾಜನ್ನು ಅಂದಾಜೆಂದೇ ನೋಡಬೇಕು. ಆ ಸಮೀಕ್ಷೆಗಳು ಬೇರೆ ಬೇರೆ ಕಾಲ, ಬೇರೆ ಬೇರೆ ಪರೀಕ್ಷೆಗಳವು, ಹೆಚ್ಚಿನವು ದೊಡ್ಡ ಹಿಂಡುಗಳ ಮೇಲೆ ಮಾಡಿದವು. ಒಂದು ಎತ್ತಿನ ಜೋಡಿ, ಒಂದು ಎಮ್ಮೆ ಇರುವ ಹತ್ತಿಕುಣಿಯ ಮನೆಗೆ ಅದೇ ಅಂಕಿ ಅಂಟಿಸುವುದು ಸರಿಯಲ್ಲ. ನೂರಾರು ದನ ಒಂದೇ ಸೂರಿನಡಿ ಇರುವ ಡೇರಿಯಲ್ಲಿ, ಎಲ್ಲೆಲ್ಲಿಂದಲೋ ಬಂದ ವಯಸ್ಸಾದ ದನಗಳು ಕೂಡಿ ಇರುವ ಗೋಶಾಲೆಯಲ್ಲಿ ಅಪಾಯ ಹೆಚ್ಚು. ಹೆಚ್ಚು ಹಾಲಿನ ಮಿಶ್ರತಳಿಗಳಿಗೆ ನಮ್ಮ ನಾಟಿ ದನಗಳಿಗಿಂತ ಈ ರೋಗ ಬೇಗ ತಗಲುತ್ತದೆಂದು ಇಥಿಯೋಪಿಯದ ಅಧ್ಯಯನಗಳು ಹೇಳುತ್ತವೆ. ಬಯಲಲ್ಲಿ ಮೇಯ್ದು ಬೆಳೆದ ನಾಟಿ ದನಕ್ಕೆ ತಳಿಯ ಬಲವೂ ಇದೆ, ಗಾಳಿಯ ಬಲವೂ ಇದೆ. ಹಾಲಿನಾಸೆಗೆ ನಾವು ಕಟ್ಟುತ್ತಿರುವ ಹೊಸ ಶೆಡ್ಡುಗಳಲ್ಲಿ ಎರಡೂ ಕಡಿಮೆಯಾಗುತ್ತಿವೆ.

ಇನ್ನೊಂದು ಹೊಸ ಸಂಗತಿ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ರೋಗಿಗಳ 940 ಮಾದರಿಗಳನ್ನು ಪರಿಶೀಲಿಸಿದ ಸಂಶೋಧಕರು 2020ರಲ್ಲಿ ವರದಿ ಮಾಡಿದರು. ದನದಿಂದ ಬಂದ ಬೋವಿಸ್ ಸಿಗಬಹುದೆಂದು ಹುಡುಕಿದರೆ ಅದು ಒಂದರಲ್ಲೂ ಸಿಗಲಿಲ್ಲ. ಬದಲಿಗೆ ಅದೇ ಕುಲದ ಮೈಕೋಬ್ಯಾಕ್ಟೀರಿಯಂ ಓರಿಜಿಸ್ ಏಳು ಮಾದರಿಗಳಲ್ಲಿ ಸಿಕ್ಕಿತು. ಚೆನ್ನೈಯ ದನಗಳಲ್ಲಿ, ಅಲ್ಲಿನ ಗೊರಸಿನ ಕಾಡುಪ್ರಾಣಿಗಳಲ್ಲಿ ಕೂಡ ಇದೇ ಓರಿಜಿಸ್ ಕಂಡಿದೆ. ಯುರೋಪಿನ ಪಠ್ಯ ನೋಡಿಕೊಂಡು ನಾವು ಒಂದನ್ನು ಹುಡುಕುತ್ತಿದ್ದಾಗ ದಕ್ಷಿಣ ಭಾರತದಲ್ಲಿ ಓಡಾಡುತ್ತಿದ್ದುದು ಅದರ ದಾಯಾದಿ. ಆದ್ದರಿಂದ ದನದ ಕ್ಷಯ ಮನುಷ್ಯರಿಗೆ ಎಷ್ಟು ದಾಟುತ್ತಿದೆ ಎಂಬ ಪ್ರಶ್ನೆಯನ್ನು ನಮ್ಮ ನೆಲದಲ್ಲೇ, ನಮ್ಮ ಮಾದರಿಗಳ ಮೇಲೆಯೇ ಕೇಳಬೇಕು. 940ರಲ್ಲಿ ಏಳು ಎಂದರೆ ಸಣ್ಣ ಪಾಲು. ಮನುಷ್ಯರ ಕ್ಷಯ ಬಹುತೇಕ ಮನುಷ್ಯರಿಂದಲೇ ಹರಡುತ್ತದೆ. ಹಾಗೆಂದು ಕಡೆಗಣಿಸುವಂತಿಲ್ಲ. ಪ್ರಾಣಿಗಳಿಂದ ಬರುವ ಕ್ಷಯಕ್ಕೆ ವರ್ಷಕ್ಕೆ ಸುಮಾರು 1,47,000 ಮಂದಿ ತುತ್ತಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2016ಕ್ಕೆ ಅಂದಾಜು ಮಾಡಿತ್ತು. ಬೋವಿಸ್ ಸೋಂಕಿನ ರೋಗಿಗೆ, ಕ್ಷಯದ ಮಾಮೂಲು ಮಾತ್ರೆಗಳಲ್ಲಿ ಒಂದಾದ ಪೈರಜಿನಮೈಡ್ ಹತ್ತುವುದಿಲ್ಲ. ಆ ಬ್ಯಾಕ್ಟೀರಿಯಾಕ್ಕೆ ಹುಟ್ಟಿನಿಂದಲೇ ಅದನ್ನು ತಡೆಯುವ ಗುಣವಿದೆ. ಬರೀ ಕಫ ನೋಡಿ ಔಷಧ ಕೊಡುವ ಕೇಂದ್ರಕ್ಕೆ ಈ ಭೇದ ಗೊತ್ತಾಗುವುದೇ ಇಲ್ಲ.

ರೋಗ ಎರಡೂ ಕಡೆಗೆ ದಾಟುತ್ತದೆ. ಮನುಷ್ಯನ ಕ್ಷಯ ಪ್ರಾಣಿಗೂ ಹೋಗುತ್ತದೆ. ದಕ್ಷಿಣ ಭಾರತದ ಮೂರು ಕಾಡಾನೆಗಳಲ್ಲಿ ಮನುಷ್ಯರ ಕ್ಷಯದ ಬ್ಯಾಕ್ಟೀರಿಯಾ ಇದ್ದುದು 2017ರ ವರದಿಯೊಂದರಲ್ಲಿ ದೃಢಪಟ್ಟಿತು. ಸಾಕಾನೆಗಳಲ್ಲಿ ಇದು ಹಳೆಯ ಸಮಸ್ಯೆ. ದುಬಾರೆ, ಸಕ್ರೆಬೈಲಿನಂಥ ಶಿಬಿರಗಳಲ್ಲಿ ಮಾವುತ, ಕಾವಾಡಿಗಳು ದಿನವಿಡೀ ಆನೆಯ ಸೊಂಡಿಲಿನ ಪಕ್ಕದಲ್ಲೇ ಇರುತ್ತಾರೆ. ಅವರ ಎದೆಯ ತಪಾಸಣೆ ಆನೆಯ ಆರೋಗ್ಯದ ಭಾಗವೇ ಆಗಬೇಕು. ನಮ್ಮ ದಂದಕ್ಕಿಗೂ ಇದೇ ಅನ್ವಯ. ಮನೆಯಲ್ಲಿ ಒಬ್ಬರು ಕ್ಷಯದ ಮಾತ್ರೆ ನುಂಗುತ್ತಿದ್ದರೆ, ಚಿಕಿತ್ಸೆಯ ಮೊದಲ ವಾರಗಳಲ್ಲಿ ಅವರು ಎಮ್ಮೆ ಕರೆಯುವುದು, ದನದ ಮೈ ತಿಕ್ಕುವುದು ಬೇಡ. ಅವರ ದನಗಳನ್ನೂ ಒಮ್ಮೆ ಪರೀಕ್ಷೆ ಮಾಡಿಸಬೇಕು.

ಈಗ ಪರೀಕ್ಷೆಯ ವಿಚಾರ. ಕುತ್ತಿಗೆಯ ಮೇಲೆ ಅಂಗೈಯಷ್ಟು ಕೂದಲು ತೆಗೆದು, ಚರ್ಮದ ದಪ್ಪ ಅಳೆದು, ದನದ ಕ್ಷಯದ ಬ್ಯಾಕ್ಟೀರಿಯಾದಿಂದ ತಯಾರಿಸಿದ ಟ್ಯೂಬರ್ಕ್ಯುಲಿನ್ ಎಂಬ ದ್ರವವನ್ನು ಚರ್ಮದೊಳಗೆ 0.1 ಮಿಲಿಲೀಟರ್ ಚುಚ್ಚುತ್ತಾರೆ. 72 ಗಂಟೆಗಳ ಮೇಲೆ ಮತ್ತೆ ಅಳೆಯುತ್ತಾರೆ. ಊತ ಬಂದಿದ್ದರೆ ಆ ದೇಹಕ್ಕೆ ಬ್ಯಾಕ್ಟೀರಿಯಾದ ಪರಿಚಯವಾಗಿದೆ ಎಂದರ್ಥ. ಮಣ್ಣು, ನೀರಿನಲ್ಲಿರುವ ನಿರಪಾಯದ ದಾಯಾದಿ ಬ್ಯಾಕ್ಟೀರಿಯಾಗಳೂ ಊತ ತರುತ್ತವೆ. ಅದನ್ನು ಬೇರ್ಪಡಿಸಲು ಹಕ್ಕಿಯ ಕ್ಷಯದ ಟ್ಯೂಬರ್ಕ್ಯುಲಿನ್ನನ್ನೂ ಪಕ್ಕದಲ್ಲೇ ಚುಚ್ಚಿ ಹೋಲಿಸುವ ಕ್ರಮವಿದೆ. ದನದ್ದು ಹಕ್ಕಿಯದಕ್ಕಿಂತ 4 ಮಿಲಿಮೀಟರಿಗೂ ಹೆಚ್ಚು ಉಬ್ಬಿದ್ದರೆ ಸೋಂಕು ಎಂದು ಹೇಳುತ್ತಾರೆ. ಇಷ್ಟಾದರೂ ಪರೀಕ್ಷೆ ತಪ್ಪುತ್ತದೆ. ರೋಗ ಬಲಿತ ದನ ಕೆಲವೊಮ್ಮೆ ಊತವನ್ನೇ ತೋರಿಸುವುದಿಲ್ಲ. ಆಗಷ್ಟೇ ಈದ ಆಕಳಿನ ಉತ್ತರವನ್ನು ನಂಬುವಂತಿಲ್ಲ. ಸಾವಿರ ದನಗಳಲ್ಲಿ ಹತ್ತಕ್ಕೆ ಸೋಂಕಿದೆ ಎಂದುಕೊಳ್ಳಿ. ಆರೋಗ್ಯವಂತ ದನ ನೂರರಲ್ಲಿ ಎರಡಕ್ಕೆ ಸುಳ್ಳು ಉತ್ತರ ಕೊಡುವ ಒಳ್ಳೆಯ ಪರೀಕ್ಷೆಯೂ ಸುಮಾರು ಇಪ್ಪತ್ತು ನಿರಪರಾಧಿ ದನಗಳ ಮೇಲೆ ಗುರುತು ಹಾಕಿಬಿಡುತ್ತದೆ. ಹಾಗಾಗಿ ಒಂದೇ ಊತ ನೋಡಿ ತೀರ್ಪು ಕೊಡದೆ, ಎರಡು ತಿಂಗಳು ಬಿಟ್ಟು ಮತ್ತೆ ಪರೀಕ್ಷಿಸಬೇಕು.

ಈಗ ಆ ರೈತನ ಜಾಗದಲ್ಲಿ ನಿಂತು ನೋಡಿ. ಸಾಲ ಮಾಡಿ ತಂದ ಆಕಳು. ಡಾಕ್ಟರು ಬಂದು ಊತ ಅಳೆದು, ಇದಕ್ಕೆ ಕ್ಷಯ ಇರಬಹುದು, ಬೇರೆ ಕಟ್ಟಿ, ಹಾಲು ಕುದಿಸದೆ ಯಾರಿಗೂ ಕೊಡಬೇಡಿ ಎಂದು ಹೇಳಿ ಮೋಟಾರುಬೈಕು ಹತ್ತಿ ಹೋದರು. ಬೇರೆ ಕಟ್ಟಲು ಜಾಗವಿಲ್ಲ. ಹಾಲು ಕೊಳ್ಳುವ ಮನೆಗಳಿಗೆ ಸುದ್ದಿ ಮುಟ್ಟಿತು. ಕಂತು ನಿಲ್ಲುವುದಿಲ್ಲ. ದನಕ್ಕೆ ಚಿಕಿತ್ಸೆ ಕೊಡಿಸೋಣವೆಂದರೆ ತಿಂಗಳುಗಟ್ಟಲೆ ದುಬಾರಿ ಔಷಧ, ಹಾಲಿನಲ್ಲಿ ಔಷಧದ ಅಂಶ, ಮನುಷ್ಯರಿಗೆ ಬೇಕಾದ ಮಾತ್ರೆಗಳಿಗೇ ಬ್ಯಾಕ್ಟೀರಿಯಾ ಬಗ್ಗದಂತಾಗುವ ಅಪಾಯ. ಹೀಗಾಗಿ ಹೆಚ್ಚಿನ ದೇಶಗಳು ಅದನ್ನು ಒಪ್ಪುವುದಿಲ್ಲ. ಕೊಲ್ಲುವುದಕ್ಕೆ ಕಾನೂನಿನ ತಡೆಯಿದೆ: ನಮ್ಮ ರಾಜ್ಯದ 1964ರ ಗೋಹತ್ಯೆ ತಡೆ ಕಾಯ್ದೆಯ ಜಾಗಕ್ಕೆ ಬಂದ 2020ರ ಕಾಯ್ದೆ ಅದನ್ನು ಇನ್ನಷ್ಟು ಬಿಗಿ ಮಾಡಿತು. ಕಾನೂನಿಗಿಂತ ಮೊದಲು ಮನೆಯವರ ಮನಸ್ಸೇ ಒಪ್ಪುವುದಿಲ್ಲ. ಉಳಿದ ದಾರಿ ಸಂತೆ.

ಸಂತೆಯಲ್ಲಿ ದಲ್ಲಾಳಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಕೆಚ್ಚಲು ಮುಟ್ಟುತ್ತಾನೆ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮುಗಿಸುತ್ತಾನೆ. ಎದೆಯೊಳಗಿನ ಗಂಟು ನೋಡುವ ಪದ್ಧತಿ ಯಾವ ಸಂತೆಯಲ್ಲೂ ಇಲ್ಲ. ಹಿಂದೆ ಊರಿಗೆ ಬೇನೆ ಬಂದರೆ ದೇವಿಯ ಹೆಸರಿನಲ್ಲಿ ಪೂಜೆ ಮಾಡಿ, ಎಡೆಯೊಂದಿಗೆ ಊರ ಗಡಿ ದಾಟಿಸಿ ಬರುತ್ತಿದ್ದರು. ಮುಂದಿನ ಊರಿನವರು ಅದನ್ನು ತಮ್ಮ ಗಡಿಯಾಚೆ ಸಾಗಿಸುತ್ತಿದ್ದರು. ಪರೀಕ್ಷೆ ಮಾಡಿ ಪರಿಹಾರ ಕೊಡದ ವ್ಯವಸ್ಥೆ ಇಂದು ಮಾಡಿಸುತ್ತಿರುವುದೂ ಅದನ್ನೇ. ಹಾಗೆ ಮಾರಿದವನನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ. ಮಾರದೆ ಇಟ್ಟುಕೊಂಡರೆ ಏನು ಮಾಡಬೇಕೆಂದು ಅವನಿಗೆ ಹೇಳಿದವರಿಲ್ಲ. ನಮ್ಮ ಕಡೆ ಇನ್ನೂ ಎರಡು ದಾರಿಗಳಿವೆ: ಬೆಂಗಳೂರು, ಮುಂಬೈಗೆ ಗುಳೆ ಹೋಗುವಾಗ ದನವನ್ನು ಬಂದ ಬೆಲೆಗೆ ಮಾರುವುದು, ಇಲ್ಲವೇ ಇನ್ನೊಬ್ಬರ ಮನೆಗೆ ಪಾಲಿಗೆ ಕೊಡುವುದು. ಎರಡರಲ್ಲೂ ದನದ ಜೊತೆ ಅದರ ರೋಗದ ಚರಿತ್ರೆ ಹೋಗುವುದಿಲ್ಲ.

ಪರಿಹಾರದ ಮಾತು ನನ್ನ ಹೊಸ ಕಲ್ಪನೆಯಲ್ಲ, ಈ ರೋಗ ಗೆದ್ದ ದೇಶಗಳ ಅನುಭವ. ಅಮೆರಿಕ 1917ರಲ್ಲಿ ಕೆಲಸ ಶುರುಮಾಡಿದಾಗ ನೂರಕ್ಕೆ ಸುಮಾರು ಐದು ದನಗಳಿಗೆ ಸೋಂಕಿತ್ತು. 1940ರ ಹೊತ್ತಿಗೆ ಅದು ಶೇ 0.5ಕ್ಕಿಂತ ಕೆಳಗಿಳಿಯಿತು. ತೆಗೆದ ಪ್ರತಿ ದನಕ್ಕೆ ಸರ್ಕಾರ ಹಣದಲ್ಲಿ ಪಾಲು ಕೊಟ್ಟಿತು. ಆದರೂ ಆ ಹಣ ಸಾಲದು, ಪರೀಕ್ಷೆ ನಂಬಿಕೆಗೆ ತಕ್ಕದ್ದಲ್ಲ ಎಂದು 1931ರಲ್ಲಿ ಅಯೋವಾ ರಾಜ್ಯದ ರೈತರು ಎದ್ದು ನಿಂತರು. ಪಶುವೈದ್ಯರನ್ನು ಹೊಲದೊಳಗೆ ಬಿಡಲಿಲ್ಲ. ಕೊನೆಗೆ ಸೈನಿಕರ ಕಾವಲಿನಲ್ಲಿ ದನಗಳಿಗೆ ಸೂಜಿ ಚುಚ್ಚಬೇಕಾಯಿತು. ಚರಿತ್ರೆಯಲ್ಲಿ ಅದಕ್ಕೆ ದನದ ಯುದ್ಧ ಎಂದೇ ಹೆಸರು. ಪರಿಹಾರ ಕಡಿಮೆಯಾದರೆ, ವಿವರಣೆ ಸಾಲದಾದರೆ, ಓದು ಬರಹ ಬಲ್ಲ ಶ್ರೀಮಂತ ದೇಶದ ರೈತನೂ ಬಡಿಗೆ ಹಿಡಿಯುತ್ತಾನೆ. ಆಸ್ಟ್ರೇಲಿಯ 1970ರಲ್ಲಿ ಹೊರಟು 1997ರಲ್ಲಿ ಗುರಿ ಮುಟ್ಟಿತು. ಉತ್ತರದ ಕಾಡುಬಯಲಿನಲ್ಲಿ ಅಲೆಯುವ ಎಮ್ಮೆಗಳನ್ನು ದೊಡ್ಡ ಸಂಖ್ಯೆಯಲ್ಲಿ ಕೊಂದೇ ಅದು ಗೆದ್ದದ್ದು. ಆ ದಾರಿ ನಮ್ಮದಲ್ಲ, ಆಗಲೂ ಬಾರದು.

ಕಾಡುಪ್ರಾಣಿಯನ್ನು ಕೊಂದರೆ ರೋಗ ಹೋಗುತ್ತದೆಂಬ ಲೆಕ್ಕವೂ ಎಲ್ಲ ಕಡೆ ನಡೆದಿಲ್ಲ. ಬ್ರಿಟನ್ನಿನಲ್ಲಿ 1971ರಲ್ಲಿ ಬ್ಯಾಜರ್ ಎಂಬ ಬಿಲವಾಸಿ ಪ್ರಾಣಿಯಲ್ಲಿ ದನದ ಕ್ಷಯ ಕಂಡಿತು. ಕೊಲ್ಲುವುದರಿಂದ ಉಪಯೋಗವಿದೆಯೇ ಎಂದು ನೋಡಲು 1998ರಿಂದ ದೊಡ್ಡ ಪ್ರಯೋಗ ನಡೆಯಿತು. ಸುಮಾರು 11,000 ಬ್ಯಾಜರ್‌ಗಳು ಸತ್ತವು. ರೋಗ ಕಂಡ ಹೊಲದ ಸುತ್ತ ಕೊಂದ ಕಡೆ ದನಗಳಲ್ಲಿ ರೋಗ ಹೆಚ್ಚಾದದ್ದು ಕಂಡು 2003ರಲ್ಲಿ ಆ ಭಾಗವನ್ನು ನಿಲ್ಲಿಸಿದರು. ಗುಂಪು ಒಡೆದ ಬ್ಯಾಜರ್‌ಗಳು ದೂರದೂರ ಅಲೆದು ಸೋಂಕನ್ನು ಹಂಚಿದ್ದವು. ನ್ಯೂಜಿಲೆಂಡಿನ ಸಂಗತಿ ಬೇರೆ. ಅಲ್ಲಿ ರೋಗ ಹೊತ್ತ ಪೋಸಮ್ ಪ್ರಾಣಿ ತುಪ್ಪಳಕ್ಕಾಗಿ ಹೊರಗಿನಿಂದ ತಂದದ್ದು, ಸ್ಥಳೀಯ ಕಾಡಿಗೂ ಶತ್ರು. ಅದನ್ನು ಹತೋಟಿಗೆ ತಂದು, ದನಗಳ ಪರೀಕ್ಷೆ ಮತ್ತು ಸಾಗಾಟದ ಲೆಕ್ಕ ಬಿಗಿಯಾಗಿಟ್ಟು, 1990ರ ದಶಕದ ನಡುವೆ 1,700ರಷ್ಟಿದ್ದ ಸೋಂಕಿತ ಹಿಂಡುಗಳನ್ನು ಬೆರಳೆಣಿಕೆಯ ಹತ್ತಿರಕ್ಕೆ ಇಳಿಸಿದರು. 2055ಕ್ಕೆ ಪೂರ್ಣ ನಿರ್ಮೂಲನ ಅವರ ಗುರಿ. ದಕ್ಷಿಣ ಆಫ್ರಿಕದ ಕ್ರೂಗರ್ ಕಾಡಿನಲ್ಲಿ ಊರ ದನಗಳಿಂದ ಕಾಡೆಮ್ಮೆಗೆ, ಕಾಡೆಮ್ಮೆಯಿಂದ ಅದನ್ನು ತಿನ್ನುವ ಸಿಂಹಕ್ಕೆ ರೋಗ ಹತ್ತಿತು. ಒಮ್ಮೆ ಕಾಡಿನೊಳಗೆ ಬೇರು ಬಿಟ್ಟ ಮೇಲೆ ಅದನ್ನು ಕೀಳಲು ಇಂದಿಗೂ ಆಗಿಲ್ಲ.

ನಮ್ಮ ಭೀಮಾ, ಕೃಷ್ಣಾ ಸೀಮೆಯ ಎರೆಬಯಲಿನಲ್ಲಿ ಹುಲಿ, ಆನೆಗಳಿಲ್ಲ. ಚಿಗರಿ ಹಿಂಡು, ಕಾಡುಹಂದಿ, ತೋಳ ಇವೆ. ಚಿಗರಿ ತೊಗರಿ ಹೊಲಕ್ಕೆ ಬಿದ್ದರೆ ರೈತನಿಗೆ ಸಿಟ್ಟು ಬರುವುದು ಸಹಜ. ರೋಗದ ಹೆಸರನ್ನೂ ಅದರ ತಲೆಗೆ ಕಟ್ಟುವುದು ಬೇಡ. ದೊಡ್ಡರೋಗ ಕಲಿಸಿದ್ದು ಇದೇ: ರೋಗ ಕಾಡಿನಲ್ಲಿ ಬೇರು ಬಿಡುವ ಮೊದಲೇ ಊರ ದನ ಶುಚಿಯಾದರೆ ಕಾಡು ತಾನಾಗಿ ಉಳಿಯುತ್ತದೆ. ಕಾಡಿನ ಪಾಲಿಗೆ ನಾವು ಮಾಡಬೇಕಾದದ್ದು ಸ್ವಲ್ಪವೇ. ಸತ್ತ ದನವನ್ನು ಬಯಲಿಗೆ ಎಸೆಯದೆ ಆಳವಾಗಿ ಹೂಳಬೇಕು. ಹತ್ತಿಕುಣಿ ಜಲಾಶಯದ ಅಂಚಿಗೆ ಕೆಮ್ಮುವ, ಬಡಕಲಾದ ದನಗಳನ್ನು ನೀರಿಗೆ ಬಿಡಬಾರದು, ಮನೆಯಲ್ಲೇ ತೊಟ್ಟಿಯಲ್ಲಿ ಕುಡಿಸಬೇಕು. ಸತ್ತ ಚಿಗರಿ ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ, ಪಶುವೈದ್ಯರಿಂದ ಪರೀಕ್ಷೆ ಆಗುವಂತೆ ನೋಡಬೇಕು.

ಹಾಗಾದರೆ ಕೊಲ್ಲದೆ ಗೆಲ್ಲುವುದು ಹೇಗೆ? ಬಿಸಿಜಿಯನ್ನೇ ದನಗಳಿಗೂ ಹಾಕುವ ಯೋಚನೆ ಹಳೆಯದು. ಹಾಕಿದ ದನ ಟ್ಯೂಬರ್ಕ್ಯುಲಿನ್ ಪರೀಕ್ಷೆಯಲ್ಲಿ ಸೋಂಕಿತ ದನದಂತೆ ಕಾಣುತ್ತದೆಂಬ ತೊಡಕಿನಿಂದ ಕೈಬಿಟ್ಟಿದ್ದರು. ಬಿಸಿಜಿಯಲ್ಲಿ ಇಲ್ಲದ, ನಿಜವಾದ ಸೋಂಕಿನಲ್ಲಿ ಮಾತ್ರ ಇರುವ ಪ್ರೋಟೀನುಗಳನ್ನು ಬಳಸುವ ಹೊಸ ಚರ್ಮಪರೀಕ್ಷೆ ಈಗ ಬಂದಿದೆ. ಲಸಿಕೆಯ ಗುರುತಿಗೂ ರೋಗದ ಗುರುತಿಗೂ ಇರುವ ಭೇದ ಅದರಿಂದ ತಿಳಿಯುತ್ತದೆ. ಇಥಿಯೋಪಿಯದಲ್ಲಿ ಮಿಶ್ರತಳಿ ಕರುಗಳ ಮೇಲೆ ಮಾಡಿದ ಪ್ರಯೋಗದ ವರದಿ 2024ರಲ್ಲಿ ಬಂತು. ಬಿಸಿಜಿ ಹಾಕಿದ ದನಕ್ಕೆ ಸೋಂಕು ತಗಲುವುದೂ ಕಡಿಮೆಯಾಯಿತು, ತಗಲಿದರೂ ಅದು ಬೇರೆಯವಕ್ಕೆ ಹಂಚುವುದೂ ಕಡಿಮೆಯಾಯಿತು. ಎರಡೂ ಕೂಡಿ ಹರಡುವಿಕೆಯಲ್ಲಿ ಶೇ 89ರಷ್ಟು ಇಳಿಕೆ ಎಂದು ಲೆಕ್ಕ ಹಾಕಿದ್ದಾರೆ. ದನ ಕೊಲ್ಲಲಾಗದ ನಮ್ಮಂಥ ದೇಶಕ್ಕೆ ಇದು ದೊಡ್ಡ ಭರವಸೆ. ಆದರೆ ಲಸಿಕೆಯಿಂದ ಉಪಯೋಗ ಎಳೆಗರುಗಳಿಗೆ. ಈಗಾಗಲೇ ಸೋಂಕಾದ ದೊಡ್ಡ ದನಕ್ಕೆ ಅದು ಮದ್ದಲ್ಲ.

ಲಸಿಕೆ ಬರುವವರೆಗೂ ಕೈಕಟ್ಟಿ ಕೂರಬೇಕಿಲ್ಲ. ಮೊದಲನೆಯದು ಹಾಲು. ನಮ್ಮ ಹೆಣ್ಣುಮಕ್ಕಳು ಹಾಲನ್ನು ಉಕ್ಕಿಸಿ ಇಳಿಸುತ್ತಾರೆ. ಡೇರಿಯಲ್ಲಿ 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿದರೆ ಸಾಯುವ ಬ್ಯಾಕ್ಟೀರಿಯಾ ಒಲೆಯ ಮೇಲಿನ ಕುದಿಯಲ್ಲಿ ಉಳಿಯುವುದಿಲ್ಲ. ತಾಯಂದಿರೇ, ಈ ರೋಗದ ವಿರುದ್ಧ ನಾಡನ್ನು ಇಷ್ಟು ವರ್ಷ ಕಾಯ್ದದ್ದು ನಿಮ್ಮ ಒಲೆ. ಗರಡಿಯ ಹುಡುಗರು ಬಲಕ್ಕೆಂದು ಕುಡಿಯುವ ನೊರೆಹಾಲು, ಕೂಸಿಗೆ ಔಷಧವೆಂದು ಹಿಂಡಿ ಕುಡಿಸುವ ಹಸಿ ಮೇಕೆಹಾಲು, ಇವು ಮಾತ್ರ ನಿಲ್ಲಬೇಕು. ಬ್ರುಸೆಲ್ಲಾ ಎಂಬ ಇನ್ನೊಂದು ಜ್ವರವೂ ಇದರಿಂದ ತಪ್ಪುತ್ತದೆ. ಎರಡನೆಯದು ಗಾಳಿ: ಹೊಸ ಶೆಡ್ಡು ಕಟ್ಟುವವರು ಎರಡು ಗೋಡೆ ತೆರೆದು ಬಿಡಿ, ದಂದಕ್ಕಿಯಿದ್ದವರು ಎದುರುಬದುರು ಕಿಟಕಿ ಒಡೆಸಿ. ಮೂರನೆಯದು, ಹೊಸದಾಗಿ ತಂದ ದನವನ್ನು ಎರಡು ತಿಂಗಳು ಬೇರೆ ಗೋದಲಿಯಲ್ಲಿ ಕಟ್ಟಿ, ಪರೀಕ್ಷೆಯಾದ ಮೇಲೆ ಹಿಂಡಿಗೆ ಸೇರಿಸುವುದು.

ನಾಲ್ಕನೆಯದು ಸರ್ಕಾರ ಮತ್ತು ಪಂಚಾಯಿತಿಯ ಪಾಲು. 2019ರಲ್ಲಿ 13,343 ಕೋಟಿ ರೂಪಾಯಿಯ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿ ಕಾಲುಬಾಯಿ ಜ್ವರಕ್ಕೂ ಬ್ರುಸೆಲ್ಲಾಕ್ಕೂ ಲಸಿಕೆ ನಡೆದಿದೆ. ದನಗಳ ಕಿವಿಗೆ 12 ಅಂಕಿಯ ಓಲೆ ಬಂದಿದೆ. ಕ್ಷಯ ಆ ಕಾರ್ಯಕ್ರಮದಲ್ಲಿಲ್ಲ. ಆದರೆ ಓಲೆ ಇದೆಯಲ್ಲ, ಅದರ ಲೆಕ್ಕಕ್ಕೆ ಕ್ಷಯದ ಪರೀಕ್ಷೆಯ ಉತ್ತರವನ್ನೂ ಸೇರಿಸಿದರೆ ಸಂತೆಗೆ ಹೋದ ದನದ ಚರಿತ್ರೆಯೂ ಅದರೊಂದಿಗೆ ಹೋಗುತ್ತದೆ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯ ಪಟ್ಟಿಯಲ್ಲಿ ದನದ ಕ್ಷಯ ಇದೆ. ಅದರ ಪ್ರಕಾರ ಅನುಮಾನ ಬಂದ ಮಾಲೀಕ ಊರಿನ ಅಧಿಕಾರಿಗೋ ಪಂಚಾಯಿತಿಗೋ ತಿಳಿಸಬೇಕು, ದನವನ್ನು ಬೇರ್ಪಡಿಸಬೇಕು. ತಿಳಿಸಿದವನಿಗೆ ಏನು ಸಿಗುತ್ತದೆ ಎಂಬುದಕ್ಕೆ ಉತ್ತರ ಸಿದ್ಧವಿಲ್ಲದೆ ಆ ಕಲಮು ಕಾಗದದಲ್ಲೇ ಉಳಿಯುತ್ತದೆ. ಹಕ್ಕಿಜ್ವರಕ್ಕೆ ಕೋಳಿ ಕಳೆದುಕೊಂಡವನಿಗೆ ಪರಿಹಾರ ಕೊಡುವ ಪದ್ಧತಿ ನಮ್ಮಲ್ಲೇ ಇದೆ. ದನಕ್ಕೂ ಅದು ಆಗಬಾರದೇಕೆ? ಕೊಲ್ಲುವುದಿಲ್ಲವಾದ್ದರಿಂದ ಸೋಂಕಿತ ದನಗಳಿಗೆ ಪ್ರತ್ಯೇಕ ಆಶ್ರಯ ಬೇಕು. ಈಗಿರುವ ಗೋಶಾಲೆಗೆ ಅವನ್ನು ಸೇರಿಸಿದರೆ ಅಲ್ಲಿನ ಆರೋಗ್ಯವಂತ ದನಗಳನ್ನೇ ಬಲಿ ಕೊಟ್ಟಂತೆ. ಬೇರೆ ಜಾಗ, ಬೇರೆ ಆಳು, ಹೊರಗೆ ಮಾರಾಟವಿಲ್ಲದ ಹಾಲು, ಹೊರಗೆ ಹೋಗದ ಕರು, ಇಷ್ಟು ಇದ್ದರೆ ಮಾತ್ರ ಅದು ಆಶ್ರಯ.

ಕೊನೆಯದಾಗಿ ಎರಡು ಆಸ್ಪತ್ರೆಗಳ ನಡುವಿನ ಸೇತುವೆ. ಕ್ಷಯ ರೋಗಿಗಳಿಗೆ ಸರ್ಕಾರ ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರ್‌ನಿಂದ ಅದು 1,000 ಆಗಿದೆ. ರೋಗಿಯ ಹೆಸರು ನೋಂದಣಿಯಾಗುವಾಗ ಆಶಾ ಕಾರ್ಯಕರ್ತೆ ಕೇಳುವ ಪ್ರಶ್ನೆಗಳಿಗೆ ಇನ್ನೊಂದನ್ನು ಸೇರಿಸಿ: ಮನೆಯಲ್ಲಿ ದನವಿದೆಯೇ? ಪಶುವೈದ್ಯರು ಸೋಂಕಿತ ದನ ಕಂಡಾಗ ಅವರು ಬರೆಯುವ ಚೀಟಿಯ ಒಂದು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಲಿ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಹತ್ತಿರದಲ್ಲೇ ಇದೆ, ಬೆಂಗಳೂರಿನಲ್ಲಿ 1959ರಿಂದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. ಓರಿಜಿಸ್ ನಮ್ಮ ಸೀಮೆಯಲ್ಲಿದೆಯೇ ಎಂದು ಇವರಿಬ್ಬರೂ ಕೂಡಿ ಒಂದು ತಾಲ್ಲೂಕಿನಲ್ಲಿ ನೋಡಿದರೂ ಸಾಕು, ಇಡೀ ದಖ್ಖನಿಗೆ ದಾರಿ ಸಿಗುತ್ತದೆ.

ಇಂಥ ಕೆಲಸ ಶುರುವಾಗುವುದಾದರೆ ನನ್ನ ಒಂದೇ ಬೇಡಿಕೆ ಅದರ ಅನುಕ್ರಮದ ಬಗ್ಗೆ. ಸಿರಿಂಜು ಬರುವ ಮೊದಲು ಪರಿಹಾರದ ಹಣ ಪಂಚಾಯಿತಿಯ ಖಾತೆಯಲ್ಲಿ ಬಂದು ಕೂರಲಿ. ದರ ಎಷ್ಟು, ಎಷ್ಟು ದಿನದಲ್ಲಿ ಕೈಸೇರುತ್ತದೆ, ದನವನ್ನು ಎಲ್ಲಿಗೆ ಒಯ್ಯುತ್ತಾರೆ, ಮರುಪರೀಕ್ಷೆಯಲ್ಲಿ ಸೋಂಕಿಲ್ಲವೆಂದಾದರೆ ಹೇಗೆ ಮರಳಿಸುತ್ತಾರೆ ಎಂಬುದನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ, ಗೋಡೆಯ ಮೇಲೆ ಬರೆಯಿಸಲಿ. ಅಷ್ಟಾದ ದಿನ ಹತ್ತಿಕುಣಿಯ ರೈತ ತಾನೇ ಹಗ್ಗ ಹಿಡಿದು ದನವನ್ನು ಪರೀಕ್ಷೆಗೆ ತರುತ್ತಾನೆ. ಅಷ್ಟಾಗದೆ ಸೂಜಿ ಚುಚ್ಚಿದರೆ, ಮುಂದಿನ ವಾರದ ಸಂತೆಯಲ್ಲಿ ದನಗಳ ಬೆಲೆ ಇಳಿಯುತ್ತದೆಯೇ ಹೊರತು ರೋಗ ಇಳಿಯುವುದಿಲ್ಲ. ಇದನ್ನು ಕೇಳಿ ಪಡೆಯುವುದು ನಿಮ್ಮ ಹಕ್ಕು, ಕೇಳುವಂತೆ ಹೇಳುವುದು ನನ್ನ ಕೆಲಸವಾಗಿತ್ತು.